ಮಳೆಗಾಲದ ಅಂಗ್ಕೋರ್: ಹನ್ನೆರಡು ಜನ, ಆರು ದಿನ, ಮೂರು ದಿನದ ಟಿಕೆಟ್

ಮಲೆನಾಡಿನಲ್ಲಿ ಮಳೆ ಇಳಿಮುಖವಾಗುವ ಸೆಪ್ಟೆಂಬರಿನಲ್ಲಿ ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ಮಳೆ ಏರುತ್ತಿರುತ್ತದೆ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ವರ್ಷದ ಅತಿ ಒದ್ದೆ ತಿಂಗಳುಗಳು. ಆ ಪೇಟೆಯ ಪಕ್ಕದಲ್ಲಿರುವ ಹಳೆಯ ಗುಡಿಗಳ ತಾಣ ಅಂಗ್ಕೋರ್ ನೋಡಲು ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಂದಕ ತುಂಬಿ, ಕಲ್ಲು ಕಪ್ಪಾಗಿ, ಪಾಚಿ ಹಸಿರೇರಿದ ಅಂಗ್ಕೋರ್ ಕಾಣಬೇಕೆಂದರೆ ಮಳೆಗಾಲದಲ್ಲೇ ಹೋಗಬೇಕು. ನೆಲ-ಜಲ ಎಂದು ನಾವು ಹೇಳುವಂತೆ ಅಲ್ಲಿನ ಖ್ಮೇರ್ ಭಾಷೆಯಲ್ಲಿ ನಾಡಿಗೆ ‘ತುಕ್ ದೈ’ ಎನ್ನುತ್ತಾರೆ. ತುಕ್ ಎಂದರೆ ನೀರು, ದೈ ಎಂದರೆ ನೆಲ. ನೀರಿಗೇ ಮೊದಲ ಸ್ಥಾನ.

ಅಲ್ಲಿನ ಮಳೆ ಎರಡು ಬಗೆ. ಮೊದಲನೆಯದು ದಿನನಿತ್ಯದ್ದು: ಬೆಳಗ್ಗೆ ಹೊಳವಾಗಿದ್ದು, ಮಧ್ಯಾಹ್ನ ಎರಡರ ಮೇಲೆ ಮೋಡ ಕಟ್ಟಿ, ಗುಡುಗಿ, ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ. ಎರಡನೆಯದು ವಿಯೆಟ್ನಾಂ ಕಡೆಯಿಂದ ವಾಯುಭಾರ ಕುಸಿತ ಒಳಗೆ ಬಂದಾಗಿನದು: ಎರಡು ಮೂರು ದಿನ ಹಗಲು ರಾತ್ರಿ ಬಿಡದ ಜಡಿಮಳೆ. ಮೊದಲನೆಯದಕ್ಕೆ ಗಡಿಯಾರ ನೋಡಿ ಯೋಜನೆ ಹಾಕಬಹುದು. ಎರಡನೆಯದಕ್ಕೆ ಕೈಯಲ್ಲಿ ಒಂದು ಖಾಲಿ ದಿನ ಇರಲೇಬೇಕು. ಮೊಬೈಲಿನ ‘ಶೇಕಡಾ 80 ಮಳೆ’ ಎಂಬ ಸೂಚನೆ ಸೆಪ್ಟೆಂಬರಿನಲ್ಲಿ ದಿನವೂ ಇರುವುದರಿಂದ ಅದು ಉಪಯೋಗಕ್ಕಿಲ್ಲ. ರೇಡಾರ್ ಚಿತ್ರದಲ್ಲಿ ಮೋಡದ ಗುಂಪು ಎತ್ತ ಸರಿಯುತ್ತಿದೆ ಎಂದು ನೋಡುವುದು ಮೇಲು.

ಒಂದು ಹದಿನೈದು ಸೀಟಿನ ವ್ಯಾನಿಗೆ ಹನ್ನೆರಡು ಜನ ಸರಿಯಾದ ಲೆಕ್ಕ. ಉಳಿದ ಸೀಟುಗಳಿಗೆ ಒದ್ದೆ ಮಳೆಕೋಟು, ಚೀಲ, ನೀರಿನ ಕ್ಯಾನು ಬರುತ್ತವೆ. ಹದಿನೈದೂ ತುಂಬಿಸಿದರೆ ಎರಡನೇ ದಿನಕ್ಕೇ ವ್ಯಾನಿನೊಳಗೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಮೊದಲ ದಿನ: ಇಳಿಯುವುದು, ಟಿಕೆಟ್, ಚಪ್ಪಲಿ ಪರೀಕ್ಷೆ

ಬೆಂಗಳೂರಿನಿಂದ ಹೋಗುವವರು ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸುತ್ತಾರೆ. ವೀಸಾದ ಜೊತೆಗೆ ಇ-ಅರೈವಲ್ ಅರ್ಜಿಯನ್ನು ಇಳಿಯುವ ಮೊದಲಿನ ಏಳು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಿಟ್ಟಿರಬೇಕು. 2023ರ ಅಕ್ಟೋಬರಿನಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಪೇಟೆಯಿಂದ ಸುಮಾರು 45-50 ಕಿ.ಮೀ. ದೂರ. ಪೇಟೆಗೆ ಹತ್ತಿರವಿದ್ದ ಹಳೆಯದು ಮುಚ್ಚಿದೆ. ‘ನಿಲ್ದಾಣದಿಂದ ಹೋಟೆಲಿಗೆ ಇಪ್ಪತ್ತು ನಿಮಿಷ’ ಎನ್ನುವ ಹಳೆಯ ಬರಹಗಳನ್ನು ನಂಬಿ ಸಂಜೆಗೆ ಏನನ್ನೂ ಇಟ್ಟುಕೊಳ್ಳಬೇಡಿ.

ಟಿಕೆಟ್ 2017ರಿಂದ ಹೀಗಿದೆ: ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಪ್ರತಿ ಟಿಕೆಟಿನಿಂದ 2 ಡಾಲರ್ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ, ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಬೇಕು. ಮಳೆಗಾಲದವರು ಗಮನಿಸಬೇಕಾದದ್ದು ಮೂರು ದಿನದ ಟಿಕೆಟ್‌ನ ಒಂದು ಗುಣವನ್ನು. ಆ ಮೂರು ದಿನ ಸಾಲಾಗಿ ಬರಬೇಕಿಲ್ಲ, ಹತ್ತು ದಿನಗಳೊಳಗೆ ಯಾವ ಮೂರು ದಿನವಾದರೂ ಆಗಬಹುದು. ಜಡಿಮಳೆಯ ದಿನ ಗೇಟಿನ ಕಡೆ ಹೋಗದಿದ್ದರೆ ಆ ದಿನ ಲೆಕ್ಕಕ್ಕೆ ಬರುವುದಿಲ್ಲ. ಆರು ದಿನ ಇರುವ ತಂಡಕ್ಕೆ ಇದೇ ಸರಿ. ಟಿಕೆಟ್ ಕೇಂದ್ರ ಸಂಜೆ 5.30ಕ್ಕೆ ಮುಚ್ಚುತ್ತದೆ. ಐದರ ಮೇಲೆ ಕೊಂಡ ಟಿಕೆಟ್ ಮರುದಿನದಿಂದ ಲೆಕ್ಕಕ್ಕೆ ಬರುತ್ತದೆ, ಆ ಸಂಜೆ ಒಳಗೆ ಹೋಗಲೂ ಬಿಡುತ್ತಾರೆ. ಪ್ರತಿಯೊಬ್ಬರ ಫೋಟೋ ಅಲ್ಲೇ ತೆಗೆದು ಟಿಕೆಟ್ ಮೇಲೆ ಅಚ್ಚು ಹಾಕುವುದರಿಂದ ಕೇಂದ್ರದಲ್ಲಿ ಕೊಳ್ಳುವುದಾದರೆ ಇಡೀ ತಂಡ ಹೋಗಬೇಕು, ಒಬ್ಬರೇ ಹೋಗಿ ಹನ್ನೆರಡು ತರಲಾಗದು. ಕಾಗದದ ಟಿಕೆಟ್ಟನ್ನು ದೇವಾಲಯದಿಂದ ದೇವಾಲಯಕ್ಕೆ ತೋರಿಸುತ್ತಿರಬೇಕು; ಅದು ಜೇಬಿನಲ್ಲಿ ನೆನೆದು ಹಿಟ್ಟಾದರೆ ಕಷ್ಟ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊರಳಿಗೆ ತೂಗುಹಾಕಿಕೊಳ್ಳುವುದೇ ಸರಿ.

ನೋಟಿನ ವಿಷಯ ಒಂದು ಮಾತು. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ರಿಯೆಲ್‌ನಲ್ಲಿ ಬರುತ್ತದೆ, ಡಾಲರಿಗೆ ಸುಮಾರು 4,000. ಅಂಚು ಹರಿದ, ಮಳೆಗೆ ನೆನೆದು ಸುಕ್ಕಾದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ.

ಸಂಜೆ ಫ್ನೋಮ್ ಬಾಖೆಂಗ್ ಗುಡ್ಡದ ಸೂರ್ಯಾಸ್ತವನ್ನು ಮಳೆಗಾಲದಲ್ಲಿ ಬಿಡಬಹುದು. ಪಶ್ಚಿಮದಲ್ಲಿ ಮೋಡವಿಲ್ಲದ ಸಂಜೆ ಅಪರೂಪ. ಆ ಹೊತ್ತಿನಲ್ಲಿ ಹೋಟೆಲಿನ ಬಚ್ಚಲ ಹೆಂಚಿನ ಮೇಲೆ ನೀರು ಸುರಿದು ಎಲ್ಲರೂ ತಮ್ಮ ಪಾದರಕ್ಷೆ ಹಾಕಿ ನಿಂತು ನೋಡಲಿ. ಅಡಿ ಸವೆದ ಸ್ಯಾಂಡಲ್, ಗಟ್ಟಿ ಪ್ಲಾಸ್ಟಿಕ್ ಅಡಿಯ ಶೂ ಇಲ್ಲೇ ಜಾರುತ್ತವೆ. ಮೆತ್ತನೆಯ ರಬ್ಬರ್ ಅಡಿಯ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಒದ್ದೆಯಾದರೂ ಬೇಗ ಒಣಗುತ್ತದೆ. ಜೀನ್ಸ್ ಬೇಡ, ಮೂರು ದಿನವಾದರೂ ಆರದು. ಸೀರೆಗಿಂತ ಚೂಡಿದಾರ್ ವಾಸಿ, ಒದ್ದೆ ನೆರಿಗೆ ಕಡಿದಾದ ಮೆಟ್ಟಿಲಲ್ಲಿ ಕಾಲಿಗೆ ತೊಡರುತ್ತದೆ. ಉದ್ದನೆಯ ಪಾಂಚೋಗೂ ಇದೇ ದೋಷ: ಇಳಿಯುವಾಗ ಮುಂದಿನ ಮೆಟ್ಟಿಲನ್ನು ಅದು ಮುಚ್ಚಿಬಿಡುತ್ತದೆ. ಸೊಂಟದವರೆಗಿನ ಮಳೆಕೋಟು ಸಾಕು.

ಎರಡನೇ ದಿನ: ಅಂಗ್ಕೋರ್ ವಾಟ್

ಅಂಗ್ಕೋರ್ ವಾಟ್ ಬೆಳಗ್ಗೆ 5ಕ್ಕೆ ತೆರೆಯುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ಏಳುವುದು 5.45ರ ಸುಮಾರಿಗೆ. ಒಳಗಿನ ಉತ್ತರದ ಕೊಳ ಈ ಕಾಲದಲ್ಲಿ ಅಂಚಿನವರೆಗೂ ತುಂಬಿರುವುದರಿಂದ ಐದೂ ಗೋಪುರಗಳ ಪ್ರತಿಬಿಂಬ ಕಾಣುತ್ತದೆ. ಬೇಸಿಗೆಯಲ್ಲಿ ಇದೇ ಕೊಳದ ಅಂಚು ಕೆಸರು. ಸೆಪ್ಟೆಂಬರ್ 22-23ರ ವಿಷುವದ ಹೊತ್ತಿಗೆ ಪಶ್ಚಿಮ ದ್ವಾರದಲ್ಲಿ ನಿಂತರೆ ಸೂರ್ಯ ನಡುಗೋಪುರದ ನೆತ್ತಿಯ ಮೇಲೆಯೇ ಏಳುತ್ತಾನೆ, ಮೋಡ ಬಿಟ್ಟರೆ. ಮೋಡ ಬಿಡದ ದಿನ ಕಾಯುತ್ತ ನಿಲ್ಲಬೇಡಿ. ಆರು ಗಂಟೆಗೇ ಒಳಗೆ ನಡೆಯಿರಿ, ಜನ ಇನ್ನೂ ಕೊಳದ ಬಳಿಯೇ ಇರುತ್ತಾರೆ.

ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಇಲ್ಲಿ ಎರಡನೇ ಸೂರ್ಯವರ್ಮ ಪಟ್ಟಕ್ಕೇರಿದ್ದ. ಎರಡೂ ವಿಷ್ಣುವಿನ ಗುಡಿಗಳು, ಒಂದೇ ಕಾಲದ ಕೆಲಸ. ಆದರೆ ಬೇಲೂರಿನ ಶಿಲ್ಪಿ ಮೆದು ಬಳಪದ ಕಲ್ಲಿನಲ್ಲಿ ಕೈಚಳಕ ತೋರಿದರೆ ಇಲ್ಲಿಯವರು ಕುಲೆನ್ ಬೆಟ್ಟದಿಂದ ಮರಳುಗಲ್ಲು ತಂದು 1.5 ಕಿ.ಮೀ.ಗೆ 1.3 ಕಿ.ಮೀ. ಅಳತೆಯ ಆವರಣ ಕಟ್ಟಿದರು. ಸುತ್ತಲಿನ ಕಂದಕದ ಅಗಲವೇ 190 ಮೀಟರ್. ಗುಡಿ ನಿಂತಿರುವುದು ಮರಳಿನ ಮೇಲೆ. ನೆಲದಡಿಯ ನೀರು ಮರಳನ್ನು ಬಿಗಿಯಾಗಿ ಹಿಡಿದಿಡುತ್ತದೆ, ಆ ನೀರಿನ ಮಟ್ಟ ಕುಸಿದರೆ ಅಡಿಪಾಯ ಸಡಿಲವಾಗುತ್ತದೆ. ಪೇಟೆಯ ಬೋರ್‌ವೆಲ್‌ಗಳ ಬಗ್ಗೆ ತಜ್ಞರಿಗೆ ಚಿಂತೆ ಇರುವುದು ಇದಕ್ಕೇ. ಹಾಗಾಗಿ ಪ್ರವಾಸಿ ಶಪಿಸುವ ಮಳೆ ಈ ಕಟ್ಟಡದ ಆಯುಸ್ಸಿನ ಒಂದು ಭಾಗ.

ಒದ್ದೆ ದಿನದ ಕ್ರಮ ಹೀಗಿರಲಿ: ಮೊದಲು ಮೇಲಕ್ಕೆ, ಆಮೇಲೆ ಮೊಗಸಾಲೆ. ಮೇಲಿನ ಅಂತಸ್ತಿಗೆ ಬಾಕಾನ್ ಎನ್ನುತ್ತಾರೆ. ಒಮ್ಮೆಗೆ 100 ಜನಕ್ಕೆ ಮಾತ್ರ ಪ್ರವೇಶ. ಹೆಗಲು, ಮಂಡಿ ಮುಚ್ಚಿರಬೇಕು, ಟೋಪಿ ತೆಗೆಯಬೇಕು, ಹನ್ನೆರಡು ವರ್ಷದೊಳಗಿನವರನ್ನು ಬಿಡುವುದಿಲ್ಲ. ಹಳೆಯ ಕಲ್ಲುಮೆಟ್ಟಿಲಿನ ಮೇಲೆ ಹಿಡಿದುಕೊಳ್ಳಲು ಕಂಬಿಯಿರುವ ಮರದ ಮೆಟ್ಟಿಲು ಕೂಡಿಸಿದ್ದಾರೆ, ಆದರೂ ತೀರ ಕಡಿದು. ಮಳೆ ಜೋರಾದರೆ ಸಾಲು ನಿಲ್ಲಿಸುತ್ತಾರೆ. ಬೌದ್ಧರ ಪವಿತ್ರ ದಿನಗಳಲ್ಲಿ ಬಾಕಾನ್ ಪೂರ್ತಿ ಮುಚ್ಚಿರುತ್ತದೆ. ಅವು ಚಾಂದ್ರಮಾನದವು: ಎರಡೂ ಪಕ್ಷದ ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ. ಮನೆಯ ಪಂಚಾಂಗ ನೋಡಿಯೇ ಅಂದಾಜು ಮಾಡಬಹುದು, ಒಂದು ದಿನದ ವ್ಯತ್ಯಾಸ ಬಂದೀತು.

ಇಳಿದ ಮೇಲೆ ಮಳೆ ಬಂದರೂ ಚಿಂತೆಯಿಲ್ಲ. ಹೊರಗಿನ ಉಬ್ಬುಶಿಲ್ಪಗಳ ಮೊಗಸಾಲೆಗೆ ಕಲ್ಲಿನ ಚಾವಣಿಯಿದೆ. ಪಶ್ಚಿಮದಿಂದ ಹೊಕ್ಕು ಬಲಕ್ಕೆ ತಿರುಗಿ, ಗೋಡೆಯನ್ನು ಎಡಗೈಗೆ ಇಟ್ಟುಕೊಂಡು ಅಪ್ರದಕ್ಷಿಣೆಯಾಗಿ ನಡೆಯಬೇಕು. ಶಿಲ್ಪಗಳ ಓಟ ಆ ದಿಕ್ಕಿಗೇ ಇದೆ. ಮೊದಲು ಕುರುಕ್ಷೇತ್ರ. ಅದರಲ್ಲಿ ಶರಶಯ್ಯೆಯ ಭೀಷ್ಮನನ್ನು ಹುಡುಕಿ. ದಕ್ಷಿಣಕ್ಕೆ ತಿರುಗಿದರೆ ಸೂರ್ಯವರ್ಮನ ಮೆರವಣಿಗೆ, ನಂತರ ಯಮ, ಚಿತ್ರಗುಪ್ತ, 32 ನರಕಗಳು. ಪೂರ್ವದಲ್ಲಿ 49 ಮೀಟರ್ ಉದ್ದದ ಸಮುದ್ರಮಥನ: ಒಂದೆಡೆ 92 ಅಸುರರು, ಇನ್ನೊಂದೆಡೆ 88 ದೇವತೆಗಳು. ಉತ್ತರದಲ್ಲಿ ಬಾಣಾಸುರನ ಮೇಲೆ ಕೃಷ್ಣನ ಯುದ್ಧ, ಕೊನೆಗೆ ಪಶ್ಚಿಮಕ್ಕೆ ಮರಳಿದರೆ ಲಂಕೆಯ ಕದನ. ಅವಸರವಿಲ್ಲದೆ ಎರಡು ಗಂಟೆ ಬೇಕು.

ಈ ಚಾವಣಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಮುಂಚಾಚಿ ಜೋಡಿಸಿದ್ದು, ಸಂದುಗಳಲ್ಲಿ ಹನಿ ಜಿನುಗುತ್ತದೆ. ಸಮುದ್ರಮಥನದ ಭಾಗದಲ್ಲಿ ಮೂಲ ಶಿಲ್ಪಿಗಳು ಚಾವಣಿಯೊಳಗೇ ನೀರು ಹರಿದುಹೋಗುವ ಕಾಲುವೆ ಇಟ್ಟಿದ್ದರು. ಇಪ್ಪತ್ತನೇ ಶತಮಾನದ ದುರಸ್ತಿಯಲ್ಲಿ ಅದು ಮುಚ್ಚಿಹೋಗಿ, ಸೋರಿದ ನೀರು ಉಪ್ಪನ್ನು ಇಳಿಸಿ ಶಿಲ್ಪವನ್ನು ತಿನ್ನತೊಡಗಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಚಾವಣಿ ಬಿಚ್ಚಿ ಹಳೆಯ ಹರಿವನ್ನೇ ಮತ್ತೆ ತೆರೆದು ಕೆಲಸ ಮುಗಿಸಿದ್ದು 2012ರಲ್ಲಿ. ಮಳೆಯ ದಿನ ಅಲ್ಲಿ ನಿಂತು ತಲೆಯೆತ್ತಿದರೆ ಆ ಕೆಲಸದ ಬೆಲೆ ತಿಳಿಯುತ್ತದೆ. ಭಾರತದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ 1986ರಿಂದ 1993ರವರೆಗೆ, ಬೇರೆಯವರು ಕಾಲಿಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಈ ಗುಡಿಯಲ್ಲಿ ಕೆಲಸ ಮಾಡಿತ್ತು.

ಇಂಥ ಕಮಾನಿಗೆ ಹೆಚ್ಚು ಅಗಲ ಸಾಧ್ಯವಿಲ್ಲದ್ದರಿಂದ ಮೊಗಸಾಲೆ ಇಕ್ಕಟ್ಟು. ಕೊಡೆ ಬಿಡಿಸಿದರೆ ಕಡ್ಡಿ ಶಿಲ್ಪಕ್ಕೆ ತಾಗುತ್ತದೆ, ಎದುರು ಬರುವವರ ಕಣ್ಣಿಗೂ. ಒದ್ದೆ ಚೀಲ, ಒದ್ದೆ ಬೆನ್ನು ಗೋಡೆಗೆ ಒರಗಿಸುವುದೂ ತಪ್ಪು; ನೆನೆದು ಆರುವ ಪುನರಾವರ್ತನೆಯಲ್ಲೇ ಮರಳುಗಲ್ಲು ಹಕ್ಕಳೆ ಏಳುವುದು. ಹನ್ನೆರಡೂ ಜನ ಮಾರ್ಗದರ್ಶಿಯ ಸುತ್ತ ನಿಂತರೆ ದಾರಿ ಕಟ್ಟುತ್ತದೆ, ಆರಾರು ಮಂದಿಯ ಎರಡು ಗುಂಪು ಮಾಡಿಕೊಳ್ಳಬೇಕು.

ಸಿಡಿಲಿನ ಮಾತನ್ನು ಇಲ್ಲೇ ಹೇಳಬೇಕು. 2025ರ ಮೇ ತಿಂಗಳಲ್ಲಿ ಅಂಗ್ಕೋರ್ ವಾಟ್ ಬಳಿ ಮಳೆಗೆ ಆಸರೆ ಪಡೆದಿದ್ದವರ ಮೇಲೆ ಸಿಡಿಲು ಬಡಿದು ಮೂವರು ಸತ್ತರು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಹೊತ್ತಿಲ್ಲವೆಂದರೆ ಬಯಲು ದಾರಿ, ಒಂಟಿ ಮರ, ಮೇಲಂತಸ್ತು ಬಿಡಬೇಕು. ದ್ವಾರದ ಅಂಚಿನಲ್ಲಿ ನಿಲ್ಲುವುದೂ ಸಲ್ಲದು. ವ್ಯಾನ್ ಹತ್ತಿರವಿದ್ದರೆ ಅದೇ ಎಲ್ಲಕ್ಕಿಂತ ಕ್ಷೇಮ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆಯೇ ಹೊರಡುವುದು.

ಮಧ್ಯಾಹ್ನ ಒಂದಕ್ಕೆ ಪೇಟೆಗೆ ಮರಳಿದರೆ ಆ ದಿನ ಮುಗಿಯಿತು. ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು. ತರಕಾರಿ ಪಲ್ಯಕ್ಕೂ ‘ತುಕ್ ತ್ರೈ’, ಅಂದರೆ ಮೀನಿನ ರಸ, ಬೀಳುತ್ತದೆ. ಅದನ್ನು ಹೆಸರಿಸಿಯೇ ಬೇಡವೆನ್ನಬೇಕು.

ಮೂರನೇ ದಿನ: ಬಾಂತೆ ಸ್ರೈ, ಕಲ್ಲಿನಲ್ಲಿ ಬಿದ್ದ ಮಳೆ

ಪೇಟೆಯಿಂದ 35 ಕಿ.ಮೀ. ಆಸುಪಾಸು, ವ್ಯಾನಿನಲ್ಲಿ ಒಂದು ಗಂಟೆ. ಏಳಕ್ಕೆ ಹೊರಟರೆ ಜನ ಸೇರುವ ಮೊದಲೇ ತಲುಪಬಹುದು.

967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯವನ್ನು ಕಟ್ಟಿಸಿದ್ದು ಅರಸನಲ್ಲ, ರಾಜಗುರು ಯಜ್ಞವರಾಹ. ಗುಡಿ ಚಿಕ್ಕದು. ಕೆಂಪು ಛಾಯೆಯ ಮರಳುಗಲ್ಲು ಮಳೆಗೆ ನೆಂದಾಗ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಕೆತ್ತನೆಯ ಆಳದಲ್ಲಿ ನೀರು ನಿಂತು ಗೆರೆಗಳು ಎದ್ದು ಕಾಣುತ್ತವೆ. ಬಿಸಿಲಿನಲ್ಲಿ ಕಣ್ಣು ಕುಕ್ಕುವ ಇದೇ ಶಿಲ್ಪವನ್ನು ಓದಲು ಮೋಡದ ಬೆಳಕೇ ಒಳ್ಳೆಯದು.

ಪೂರ್ವದಿಂದ ಒಳಗೆ ಬಂದರೆ ಎಡಬಲಕ್ಕೆ ಎರಡು ಪುಟ್ಟ ಕಟ್ಟಡಗಳು, ‘ಗ್ರಂಥಾಲಯ’ ಎಂದು ಕರೆಯುವ ರೂಢಿ. ಎಡಗಡೆಯದರ ಬಾಗಿಲ ಮೇಲಿನ ತ್ರಿಕೋನ ಫಲಕದಲ್ಲಿ ರಾವಣ ಕೈಲಾಸ ಅಲುಗಿಸುತ್ತಿದ್ದಾನೆ. ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಬಲಗಡೆಯದನ್ನು ನೋಡಿ: ಖಾಂಡವದಹನ. ತುದಿಯಲ್ಲಿ ಐರಾವತದ ಮೇಲೆ ಇಂದ್ರ. ಅವನ ಕೆಳಗೆ ಓರೆಯಾಗಿ, ಒಂದರ ಪಕ್ಕ ಒಂದರಂತೆ ಕೊರೆದ ಸಮಾನ ಗೆರೆಗಳು. ಅದು ಮಳೆ. ಅದರಡಿಯಲ್ಲಿ ಕಾಡು, ಚದುರಿ ಓಡುವ ಪ್ರಾಣಿಗಳು, ಎರಡೂ ಬದಿಯ ರಥಗಳಲ್ಲಿ ಮಳೆಯನ್ನು ಬಾಣಗಳಿಂದ ತಡೆಯುತ್ತಿರುವ ಕೃಷ್ಣಾರ್ಜುನರು. ಒಬ್ಬನನ್ನು ಬಲರಾಮನೆಂದು ಓದುವವರೂ ಇದ್ದಾರೆ. ಮಳೆಗೆ ಕಲ್ಲಿನಲ್ಲಿ ರೂಪ ಕೊಟ್ಟ ಶಿಲ್ಪ ಎಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ನಿಜವಾದ ಮಳೆ ಆ ಕೊರೆದ ಮಳೆಯ ಮೇಲೆ ಬೀಳುವ ಹೊತ್ತಿಗೆ ಅಲ್ಲಿ ನಿಲ್ಲುವುದಕ್ಕಾಗಿಯೇ ಸೆಪ್ಟೆಂಬರಿನಲ್ಲಿ ಬರಬಹುದು. ಚಿಕ್ಕದೊಂದು ದುರ್ಬೀನು ಇರಲಿ. ಒಳ ಆವರಣಕ್ಕೆ ಹಗ್ಗ ಕಟ್ಟಿರುವುದರಿಂದ ಬಾಗಿಲವಾಡಗಳ ಹತ್ತಿರ ಹೋಗಲಾಗದು.

ಇಲ್ಲಿ ಕ್ಯಾಮೆರಾದ ತೊಂದರೆ ಹೆಚ್ಚು. ಎ.ಸಿ. ವ್ಯಾನಿನಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಒರೆಸುವಾಗ ಗೀರು ಬೀಳುತ್ತದೆ. ತಲುಪುವ ಇಪ್ಪತ್ತು ನಿಮಿಷ ಮೊದಲೇ ಎ.ಸಿ. ನಿಲ್ಲಿಸಿ ಕಿಟಕಿ ತೆರೆದರೆ ತೊಂದರೆ ತಪ್ಪುತ್ತದೆ.

ಇಲ್ಲಿಂದ ಮುಂದೆ ಕ್ಬಾಲ್ ಸ್ಪಿಯನ್ ಇದೆ: ನದಿಯ ಹಾಸುಬಂಡೆಯ ಮೇಲೆ ಸಾಲುಸಾಲು ಲಿಂಗಗಳು, ಶೇಷಶಾಯಿ ವಿಷ್ಣು. ಕಾಡಿನಲ್ಲಿ 1.5 ಕಿ.ಮೀ. ಏರು. ಶಿರಸಿಯ ಬಳಿಯ ಸಹಸ್ರಲಿಂಗ ನೋಡಿದವರಿಗೆ ಪೇಚು ತಕ್ಷಣ ಅರ್ಥವಾಗುತ್ತದೆ. ನೀರು ಕಡಿಮೆಯಾದರೆ ಜಲಪಾತವಿಲ್ಲ, ಜಾಸ್ತಿಯಾದರೆ ಲಿಂಗಗಳೇ ಮುಳುಗುತ್ತವೆ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಹೋಗಬೇಡಿ. ಕದಡಿದ ನೀರಿನಲ್ಲಿ ಏನೂ ಕಾಣದು, ದಾರಿಯ ಬೇರುಗಳು ಸಾಬೂನಿನಂತೆ ಜಾರುತ್ತವೆ. ಈ ಕಡೆಯ ಹೊಳೆಗಳು ಬೇಗ ಏರುತ್ತವೆ ಎನ್ನುವುದೂ ನೆನಪಿರಲಿ. 2011ರ ಸೆಪ್ಟೆಂಬರಿನ ಪ್ರವಾಹದಲ್ಲಿ ಬಾಂತೆ ಸ್ರೈಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು.

ಮರಳುವ ದಾರಿಯಲ್ಲಿ ಮಳೆ ಹಿಡಿಯದಿದ್ದರೆ ಪೂರ್ವ ಮೆಬೊನ್ ಮತ್ತು ಪ್ರೆ ರುಪ್, ಎರಡೂ ಹತ್ತನೇ ಶತಮಾನದ ಅರಸ ರಾಜೇಂದ್ರವರ್ಮನ ಗುಡಿಗಳು. ಮೆಬೊನ್ ಒಂದು ಕಾಲದಲ್ಲಿ ಕೆರೆಯ ನಡುವಿನ ದ್ವೀಪ. ಕೆರೆ ಬತ್ತಿ ಈಗ ಸುತ್ತ ಗದ್ದೆ. ಪ್ರೆ ರುಪ್‌ನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೆಟ್ಟಿಲಿನ ಎತ್ತರ ಹೆಚ್ಚು, ಕಾಲಿಡುವ ಅಗಲ ಕಡಿಮೆ, ಅಂಚು ಸವೆದು ಉರುಟಾಗಿದೆ. ಪಾದ ಅಡ್ಡವಾಗಿಟ್ಟು ಓರೆಯಾಗಿ ಇಳಿಯಬೇಕು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ಮೇಲಿನವರು ಜಾರಿದರೆ ಇಬ್ಬರೂ ಉರುಳುತ್ತಾರೆ. ಜಂಬಿಟ್ಟಿಗೆ ಕಲ್ಲಿನ ಭಾಗದಲ್ಲಿ ರಂಧ್ರಗಳಿರುವುದರಿಂದ ಹಿಡಿತ ಸಿಗುತ್ತದೆ; ನುಣುಪಾದ ಮರಳುಗಲ್ಲಿನ ಮೇಲೆ ಕರಿ ಪಾಚಿ ಕಂಡಲ್ಲಿ ಕಾಲಿಡಬಾರದು. ಹಸಿರು ಪಾಚಿ ಕಣ್ಣಿಗೆ ಬೀಳುತ್ತದೆ, ಕರಿಯದು ಒಣ ಕಲ್ಲಿನಂತೆ ಕಾಣಿಸಿ ಮೋಸ ಮಾಡುತ್ತದೆ.

ನಾಲ್ಕನೇ ದಿನ: ಜಡಿಮಳೆ

ಇದು ಕಾದಿಟ್ಟ ದಿನ, ಇದಕ್ಕೆ ಟಿಕೆಟ್ ಖರ್ಚಾಗದು. ಅಂಗ್ಕೋರ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬೇರೆ ಶುಲ್ಕ, ಅರ್ಧ ದಿನ ಸಾಕು. ಹರಿಹರ, ವಿಷ್ಣು, ಬುದ್ಧ ಮೂರ್ತಿಗಳನ್ನು ಒಣ ನೆಲದಲ್ಲಿ ನಿಂತು ನೋಡಿದರೆ ಮರುದಿನ ಅಂಗ್ಕೋರ್ ಥೋಮ್ ನಡುವಿನ ಗುಡಿ ಬಯಾನ್‌ನ ಗೋಪುರಗಳ ಮೇಲಿನ ಮುಖ ಗುರುತು ಹಿಡಿಯುವುದು ಸುಲಭ. ಉಳಿದ ಹೊತ್ತು ಶೂ ಒಳಗೆ ಪತ್ರಿಕೆ ಕಾಗದ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಒಣಗಿಸಿ.

ಭಾದ್ರಪದದ ಕೃಷ್ಣಪಕ್ಷದಲ್ಲಿ ಹೋದ ತಂಡಕ್ಕೆ ಈ ದಿನ ಇನ್ನೊಂದು ಕಾರಣಕ್ಕೆ ಒದಗುತ್ತದೆ. ನಮ್ಮಲ್ಲಿ ಪಿತೃಪಕ್ಷವಿರುವಾಗ ಅಲ್ಲಿ ಪ್ಚುಂ ಬೆನ್, ಅದೂ ಹದಿನೈದು ದಿನ, ಅದೂ ಪಿತೃಗಳಿಗೆ ಅನ್ನ ಇಡುವ ಆಚರಣೆ. ಅವರ ತಿಂಗಳ ಹೆಸರೂ ‘ಫೋತ್ರಬೊತ್’, ಭಾದ್ರಪದದ್ದೇ ರೂಪ. ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಮೂರು ದಿನ ಸರ್ಕಾರಿ ರಜೆ. ಅಂಗಡಿ ಬಾಗಿಲು ಮುಚ್ಚಿ, ಊರವರೆಲ್ಲ ವಿಹಾರಗಳಲ್ಲಿರುತ್ತಾರೆ. ವ್ಯಾನ್ ಚಾಲಕರಿಗೂ ಮನೆಗೆ ಹೋಗಬೇಕಿರುತ್ತದೆ, ಆ ದಿನಗಳಿಗೆ ಮೊದಲೇ ಮಾತಾಡಿಕೊಂಡಿರಬೇಕು.

ಐದನೇ ದಿನ: ಅಂಗ್ಕೋರ್ ಥೋಮ್, ತಾ ಪ್ರೋಮ್

ಅಂಗ್ಕೋರ್ ಎಂದರೆ ನಗರ, ಥೋಮ್ ಎಂದರೆ ದೊಡ್ಡದು. ಏಳನೇ ಜಯವರ್ಮನ ರಾಜಧಾನಿ, ಬದಿಗೆ ಮೂರು ಕಿ.ಮೀ.ನ ಚೌಕ. ದಕ್ಷಿಣ ದ್ವಾರದ ಸೇತುವೆಯ ಮೇಲೆ 54 ದೇವತೆಗಳೂ 54 ಅಸುರರೂ ನಾಗನನ್ನು ಹಿಡಿದಿದ್ದಾರೆ.

ಬಯಾನ್‌ಗೆ 7.30ಕ್ಕೆ ಬಾಗಿಲು ತೆರೆಯುವಾಗಲೇ ಹೋಗಿ. ಹೊರ ಮೊಗಸಾಲೆಯ ಚಾವಣಿ ಬಿದ್ದುಹೋಗಿರುವುದರಿಂದ ಇಲ್ಲಿ ಮಳೆಗೆ ಆಸರೆ ಇಲ್ಲ, ಅಂಗಳದ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಅದಕ್ಕೇ ಇದು ಬೆಳಗಿನ ಗುಡಿ, ಅಂಗ್ಕೋರ್ ವಾಟ್‌ನಂತೆ ಮಳೆಯಲ್ಲಿ ಸುತ್ತುವಂಥದ್ದಲ್ಲ. ದಕ್ಷಿಣ ಗೋಡೆಯಲ್ಲಿ ಈಗಿನ ವಿಯೆಟ್ನಾಂ ಕಡೆಯ ಚಾಮ್ ಜನರೊಂದಿಗಿನ ನೌಕಾಯುದ್ಧ. ದೋಣಿಗಳ ಕೆಳಗಿನ ಸಾಲಿನಲ್ಲಿ ಕೋಳಿ ಅಂಕ, ಮಾರುಕಟ್ಟೆ, ಅಡುಗೆ: ಎಂಟು ನೂರು ವರ್ಷದ ಹಿಂದಿನ ದಿನಚರಿ. ಮೇಲಿನ ಅಂತಸ್ತು ದುರಸ್ತಿಗಾಗಿ ಮುಚ್ಚಿರುವುದೂ ಉಂಟು, ಮೊದಲೇ ವಿಚಾರಿಸಿ.

ತಾ ಪ್ರೋಮ್‌ಗೆ ಹತ್ತರ ಹೊತ್ತಿಗೆ. 1186ರ ಶಾಸನದ ಪ್ರಕಾರ ಇದರೊಳಗೆ 12,640 ಜನ ವಾಸವಿದ್ದರು. ಗೋಡೆಗಳನ್ನು ಅಪ್ಪಿಕೊಂಡ ಮರಗಳಲ್ಲಿ ಟೆಟ್ರಾಮೆಲಿಸ್ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುತ್ತದೆ. ಇಲ್ಲಿ ಎರಡು ದಶಕಗಳಿಂದ ಜೀರ್ಣೋದ್ಧಾರ ಮಾಡುತ್ತಿರುವುದು ಭಾರತದ ಪುರಾತತ್ತ್ವ ಇಲಾಖೆಯೇ, ಕಾಂಬೋಡಿಯಾದ ಅಪ್ಸರಾ ಪ್ರಾಧಿಕಾರದ ಜೊತೆಗೂಡಿ. ಮರ ಕಡಿದರೆ ಗೋಡೆ ಕುಸಿಯುತ್ತದೆ, ಬಿಟ್ಟರೆ ಬೇರು ಕಲ್ಲನ್ನು ಸೀಳುತ್ತದೆ. ಮರವನ್ನೂ ಕಟ್ಟಡವನ್ನೂ ಬೇರೆ ಬೇರೆಯಾಗಿ ಆತು ನಿಲ್ಲಿಸುವ ಕೆಲಸ ಅದು. ತುಂತುರಿನಲ್ಲಿ ಈ ಗುಡಿಯ ಹಸಿರಿಗೆ ಸಾಟಿಯಿಲ್ಲ. ಗಾಳಿ ಎದ್ದರೆ ಮಾತ್ರ ಹೊರಟುಬಿಡಿ. ನೀರು ಕುಡಿದು ಭಾರವಾದ ಕೊಂಬೆ ಮುರಿದು ಬೀಳುವುದು ಮಳೆಯಿಂದಲ್ಲ, ಮಳೆಗೆ ಮುಂಚಿನ ಬೀಸುಗಾಳಿಯಿಂದ.

ಸಮಯ ಉಳಿದರೆ ಇನ್ನೆರಡು ಗುಡಿಗಳು: ಪ್ರೆಯಾ ಖಾನ್, ಹಾಗೂ ಕೆರೆಯ ನಡುವೆ ಮರದ ಕಾಲುಸೇತುವೆಯಲ್ಲಿ ಹೋಗುವ ನೀಕ್ ಪೀನ್. ಎರಡನೆಯದಕ್ಕೆ ಅರ್ಧ ಗಂಟೆ ಸಾಕು. ಸುತ್ತ ನೀರು ತುಂಬಿರುವ ಈ ತಿಂಗಳುಗಳಲ್ಲೇ ಅದು ದ್ವೀಪದಂತೆ ಕಾಣುವುದು.

ಆರನೇ ದಿನ: ತೊನ್ಲೆ ಸಾಪ್

ಟಿಕೆಟ್ ಮುಗಿದಿದೆ. ಗುಡಿಗಳ ಮೇಲೆ ಬಿದ್ದ ನೀರು ಸಿಯೆಮ್ ರೀಪ್ ಹೊಳೆ ಸೇರಿ ಕೊನೆಗೆ ಬರುವುದು ಈ ಸರೋವರಕ್ಕೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇರುವ ಸರೋವರ ಮಳೆಗಾಲದಲ್ಲಿ 16,000ದವರೆಗೂ ಹಿಗ್ಗಬಲ್ಲದು. ಮೆಕಾಂಗ್ ನದಿ ಉಕ್ಕಿದಾಗ ತೊನ್ಲೆ ಸಾಪ್ ಹೊಳೆ ಹಿಮ್ಮುಖವಾಗಿ ಹರಿದು ಸರೋವರವನ್ನು ತುಂಬುತ್ತದೆ. ಕಂಪೊಂಗ್ ಪ್ಲುಕ್ ಹಳ್ಳಿಯ ಮನೆಗಳು ಎತ್ತರದ ಕಂಬಗಳ ಮೇಲೆ ನಿಂತಿರುವುದು ಇದಕ್ಕೇ. ಮಾರ್ಚಿನಲ್ಲಿ ಏಣಿ ಹತ್ತುವ ಮನೆಗೆ ಸೆಪ್ಟೆಂಬರಿನಲ್ಲಿ ದೋಣಿಯೇ ಬಾಗಿಲಿಗೆ ಬರುತ್ತದೆ.

ದೋಣಿ ಬೆಳಗ್ಗೆಯೇ ಆಗಬೇಕು. ಮಧ್ಯಾಹ್ನದ ಗಾಳಿಗೆ ತೆರೆದ ಸರೋವರದಲ್ಲಿ ಅಲೆ ಏಳುತ್ತದೆ. ಲೈಫ್ ಜಾಕೆಟ್ಟುಗಳನ್ನು ಹತ್ತುವ ಮೊದಲೇ ಎಣಿಸಿ, ಬಕಲ್ ಹಾಕಿ ನೋಡಿ. ಹನ್ನೆರಡು ಸಿಗದಿದ್ದರೆ ಎರಡು ದೋಣಿ ಮಾಡಿ. ಸಂಜೆ ವಿಮಾನವಿದ್ದರೆ ಹನ್ನೊಂದಕ್ಕೆಲ್ಲ ದಡಕ್ಕೆ ಬಂದು, ಒದ್ದೆ ಬಟ್ಟೆಯನ್ನು ಬೇರೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ವಿಮಾನಕ್ಕೆ ನಾಲ್ಕೂವರೆ ಗಂಟೆ ಮೊದಲು ಪೇಟೆ ಬಿಡಬೇಕು. ಒಣ ದಿನ ಒಂದು ಗಂಟೆಯ ದಾರಿ ಜಡಿಮಳೆಯಲ್ಲಿ ಎರಡು ಗಂಟೆ ಹಿಡಿಯುತ್ತದೆ.